ಗಾಯ ಎಷ್ಟು ದೊಡ್ಡದು ಅಂತಲ್ಲ, ಎಲ್ಲಿದೆ ಅಂತ ನೋಡಿ

ಓದುಗರ ಪ್ರಶ್ನೆ, ಪಶುವೈದ್ಯರ ಉತ್ತರ

ಪ್ರಶ್ನೆ: ನಮಸ್ಕಾರ ಡಾಕ್ಟರಮ್ಮ. ನಮ್ಮದು ಯಲಹಂಕದ ಹತ್ತಿರ. ಮದುವೆ ಮೆರವಣಿಗೆಗೆ ಕುದುರೆ ಕಳಿಸುತ್ತೇವೆ. ಮನೆಯಲ್ಲಿ ಎರಡು ಕುದುರೆ ಇವೆ. ಬಿಳಿ ಹೆಣ್ಣು ಕುದುರೆಯ ಹೆಸರು ಮಲ್ಲಿಗೆ, ಒಂಬತ್ತು ವರ್ಷ. ಭಾನುವಾರ ರಾತ್ರಿ ಪಟಾಕಿ ಸದ್ದಿಗೆ ಬೆದರಿ, ಪಕ್ಕದ ಖಾಲಿ ಸೈಟಿನ ಮುಳ್ಳುತಂತಿಗೆ ಕಾಲು ಸಿಕ್ಕಿಸಿಕೊಂಡಳು. ಬಲ ಹಿಂಗಾಲು. ಮಂಡಿಯ ಕೆಳಗೆ ಹೊರಗಡೆ ಮೂರು ಬೆರಳಗಲ ಚರ್ಮ ಕಿತ್ತು ನೇತಾಡುತ್ತಿತ್ತು. ಅದರ ಮೇಲೆ, ಮಂಡಿಯ ಹತ್ತಿರವೇ, ಇನ್ನೊಂದು ಚಿಕ್ಕ ತೂತು. ರಕ್ತ ತುಂಬಾ ಹೋಯಿತು. ನಮ್ಮ ತಂದೆ ಕಾಫಿಪುಡಿ, ಅರಿಶಿನ ಒತ್ತಿ ಬಟ್ಟೆ ಕಟ್ಟಿದರು. ರಕ್ತ ನಿಂತಿದೆ. ಕುಂಟುತ್ತಿಲ್ಲ. ಹುರುಳಿ ತಿನ್ನುತ್ತಿದ್ದಾಳೆ. ಕಾಲು ಸ್ವಲ್ಪ ಊದಿದೆ. ಡಾಕ್ಟರನ್ನು ಕರೆಸಬೇಕಾ, ನಾವೇ ವಾಸಿ ಮಾಡಿಕೊಳ್ಳಬಹುದಾ? ಯಾವಾಗ ಕರೆಸಬೇಕು ಅಂತ ತಿಳಿಯುವುದು ಹೇಗೆ?

ಉತ್ತರ: ನಿಮ್ಮ ಸಂದೇಶ, ಫೋಟೊ ಎರಡನ್ನೂ ಪತ್ರಿಕೆಯವರು ನನಗೆ ಕಳಿಸಿದ್ದು ಮಂಗಳವಾರ ಬೆಳಿಗ್ಗೆ. ಓದಿದ ತಕ್ಷಣ ನಿಮಗೆ ಫೋನ್ ಮಾಡಿದೆ. ಅಂಕಣದಲ್ಲಿ ಉತ್ತರ ಬರುವವರೆಗೆ ಕಾಯುವ ವಿಷಯ ಇದಾಗಿರಲಿಲ್ಲ. ಅವತ್ತು ಅವಸರದಲ್ಲಿ ಹೇಳಿದ್ದನ್ನು ಇಲ್ಲಿ ನಿಧಾನವಾಗಿ ಬರೆಯುತ್ತೇನೆ. ಕುದುರೆ ಸಾಕುವ ಬೇರೆಯವರಿಗೂ ಬೇಕಾಗುತ್ತದೆ.

ನೀವು ಹೆದರಿದ್ದು ಆ ನೇತಾಡುವ ಚರ್ಮ ನೋಡಿ. ನಾನು ಹೆದರಿದ್ದು ಆ ಚಿಕ್ಕ ತೂತಿಗೆ.

ಒಂದು ಸಲ ಕುದುರೆಯ ಕಾಲನ್ನು ಮೇಲಿಂದ ಕೆಳಗೆ ಕೈಯಲ್ಲಿ ಸವರಿ ನೋಡಿ. ತೊಡೆಯಲ್ಲಿ ಕೈತುಂಬ ಮಾಂಸ ಸಿಗುತ್ತದೆ. ಮಂಡಿ ದಾಟಿ ಕೆಳಗೆ ಬಂದರೆ ಮಾಂಸವೇ ಇಲ್ಲ. ಚರ್ಮ, ಚರ್ಮದ ಕೆಳಗೆ ಮೂಳೆ, ಹಿಂದುಗಡೆ ಹಗ್ಗದ ಹಾಗೆ ಬಿಗಿಯಾಗಿ ಸಿಗುವ ಟೆಂಡನ್‌ಗಳು, ಅಷ್ಟೇ. ಮಂಡಿಯಲ್ಲೂ, ಗೊರಸಿನ ಮೇಲಿನ ಗಂಟಿನಲ್ಲೂ ಕೀಲಿನ ಚೀಲ ಚರ್ಮದ ಕೆಳಗೇ ಇರುತ್ತದೆ. ಲಾಯದವರು ಆ ಗಂಟಿಗೆ ಫೆಟ್‌ಲಾಕ್ ಅನ್ನುತ್ತಾರೆ. ಚೀಲದ ಒಳಗೆ ಕೀಲು ಜಾರಲಿಕ್ಕೆ ಬೇಕಾದ ಲೋಳೆ ನೀರು ಇರುತ್ತದೆ. ಮುಳ್ಳುತಂತಿಯ ಒಂದು ಮೊನೆ, ಒಂದು ಮೊಳೆ, ಮುರಿದ ಕಬ್ಬಿಣದ ಸರಳು, ಯಾವುದಾದರೂ ಸಾಕು, ಆ ಚೀಲ ತೂತಾಗಲಿಕ್ಕೆ. ಮಣ್ಣು, ಲದ್ದಿ, ಕೂದಲು ಒಳಗೆ ಹೋದರೆ ಕೀಲಿನಲ್ಲೇ ಕೀವಾಗುತ್ತದೆ. ಎದೆಯ ಮೇಲೋ ತೊಡೆಯ ಮೇಲೋ ಒಂದು ಗೇಣು ಹರಿದ ಗಾಯ ನೋಡಲು ಭಯಂಕರ. ಆದರೆ ಅದು ಮಾಯುತ್ತದೆ. ಮಂಡಿಯ ಮೇಲಿನ ಕಡಲೆಕಾಳಿನಷ್ಟು ತೂತು ಕುದುರೆಯ ಜೀವ ತೆಗೆಯಬಹುದು.

ಇದನ್ನು ನಾನು ಪುಸ್ತಕದಲ್ಲಿ ಓದಿದ್ದೆ. ಆದರೂ ಕಲಿತದ್ದು ಬೇರೆ ಥರ. ಹೆಬ್ಬಾಳದ ಕಾಲೇಜಿನಿಂದ ಹೊರಗೆ ಬಂದು ಕೆಲಸಕ್ಕೆ ಸೇರಿದ ಹೊಸತು. ಆಗ ಬೆಂಗಳೂರಿನಲ್ಲಿ ಜಟಕಾ ಗಾಡಿಗಳು ಇನ್ನೂ ಓಡುತ್ತಿದ್ದವು. ಒಬ್ಬ ಗಾಡಿಯವರು ಕಂದು ಬಣ್ಣದ ಗಂಡು ಕುದುರೆ ಹೊಡೆದುಕೊಂಡು ಬಂದರು. ಮುಂಗಾಲಿನ ಫೆಟ್‌ಲಾಕ್ ಹತ್ತಿರ ಸಣ್ಣ ತೂತು. ನಡೆಸಿ ನೋಡಿದೆ. ಕುಂಟಲಿಲ್ಲ. ತೊಳೆದು, ಮುಲಾಮು ಹಚ್ಚಿ, ಎರಡು ದಿನ ಗಾಡಿಗೆ ಕಟ್ಟಬೇಡಿ ಅಂತ ಹೇಳಿ ಕಳಿಸಿದೆ. ನಾಲ್ಕನೇ ದಿನ ಅವರೇ ಓಡಿ ಬಂದರು. ಕುದುರೆ ಮೂರು ಕಾಲಿನ ಮೇಲೆ ನಿಂತಿತ್ತು. ಮೈಯೆಲ್ಲ ಬೆವರು. ಕೀಲು ಕಾದ ಹಂಚಿನ ಹಾಗೆ ಬಿಸಿ. ಮೇಲಿನ ತೂತು ಮುಚ್ಚಿಕೊಂಡು ಒಣಗಿತ್ತು, ಒಳಗೆ ಪೂರ್ತಿ ಕೀವು. ಆಗ ಇದ್ದ ಔಷಧಿಯಲ್ಲಿ ಏನೂ ಮಾಡಲಾಗಲಿಲ್ಲ. ಕೊನೆಗೆ ಆ ಕುದುರೆಗೆ ನೋವಿಲ್ಲದ ಸಾವು ಕೊಡಬೇಕಾಯಿತು. ಆ ಗಾಡಿಯವರು ನನ್ನನ್ನು ಒಂದು ಮಾತೂ ಅನ್ನಲಿಲ್ಲ. ಕುದುರೆಯ ಹಗ್ಗವನ್ನು ಕೈಗೆ ಸುತ್ತಿಕೊಂಡು, ಖಾಲಿ ಗಾಡಿ ಅಲ್ಲೇ ಬಿಟ್ಟು ನಡೆದು ಹೋದರು. ಕುಂಟುತ್ತಿಲ್ಲ ಅನ್ನುವ ಮಾತನ್ನು ಅವತ್ತಿನಿಂದ ನಾನು ನಂಬಿಲ್ಲ.

ಯಾಕೆ ಕುಂಟುವುದಿಲ್ಲ ಗೊತ್ತಾ? ಕೀಲು ತೂತಾಗಿದ್ದಾಗ ಒಳಗಿನ ನೀರು ಹೊರಗೆ ಸೋರುತ್ತಿರುತ್ತದೆ. ಒಳಗೆ ಒತ್ತಡ ಕಟ್ಟುವುದಿಲ್ಲ. ಒತ್ತಡ ಇಲ್ಲದಿದ್ದರೆ ನೋವು ಕಮ್ಮಿ. ತೂತು ಮುಚ್ಚಿಕೊಂಡ ಮೇಲೆ ಕೀವು ಹೊರಗೆ ಬರಲು ದಾರಿ ಇರುವುದಿಲ್ಲ. ಆಗ ಇದ್ದಕ್ಕಿದ್ದ ಹಾಗೆ ಕಾಲು ಊರಲು ಆಗದ ಸ್ಥಿತಿ ಬರುತ್ತದೆ. ಮನೆಯವರು ಗಾಯ ಒಣಗಿತು ಅಂತ ಸಮಾಧಾನ ಪಟ್ಟ ದಿನವೇ ಕುದುರೆಗೆ ಕಷ್ಟ ಶುರುವಾಗುತ್ತದೆ.

ಅದಕ್ಕೇ ನಿಮಗೆ ಫೋನಿನಲ್ಲಿ ಮೊದಲು ಕೇಳಿದ್ದು, ತೂತಿನಿಂದ ಏನಾದರೂ ಸೋರುತ್ತಿದೆಯಾ ಅಂತ. ಹಳದಿ ನೀರು ಅಂದಿರಿ. ಗ್ಲೌಸ್ ಹಾಕಿಕೊಂಡು ಒಂದು ಹನಿಯನ್ನು ಹೆಬ್ಬೆರಳು, ತೋರುಬೆರಳ ಮಧ್ಯೆ ಹಿಡಿದು ಮೆಲ್ಲಗೆ ಬಿಡಿಸಿ ಅಂದೆ. ನಿಮ್ಮ ತಂದೆ ಪಕ್ಕದಲ್ಲಿ ಮೊಬೈಲ್ ಟಾರ್ಚ್ ಹಿಡಿದಿದ್ದರು. ಒಂದು ಕ್ಷಣ ಸದ್ದಿರಲಿಲ್ಲ. ಆಮೇಲೆ ನೀವು ಹೇಳಿದ್ದು ನನಗೆ ನೆನಪಿದೆ: "ಎಳೆ ಬರ್ತಿದೆ ಮೇಡಂ, ಮೊಟ್ಟೆ ಬಿಳಿ ಥರ." ಗಾಯದ ಸಾಮಾನ್ಯ ನೀರು ಹಾಗೆ ಎಳೆ ಬರುವುದಿಲ್ಲ. ಕೀಲಿನ ನೀರು ಬರುತ್ತದೆ. ಆದರೆ ಒಂದು ಮಾತು. ಎಳೆ ಬರಲಿಲ್ಲ ಅಂದರೆ ಕೀಲು ಚೆನ್ನಾಗಿದೆ ಅಂತ ಅರ್ಥವಲ್ಲ. ಸೋಂಕು ತಗುಲಿದರೆ ಆ ನೀರು ತೆಳ್ಳಗಾಗಿ ಸಾದಾ ನೀರಿನ ಹಾಗೇ ಕಾಣುತ್ತದೆ. ಎಳೆ ಬಂದರೆ ಓಡಬೇಕು. ಬರದಿದ್ದರೂ ಜಾಗ ಕೀಲಿನ ಹತ್ತಿರ ಅಂದರೆ ತೋರಿಸಲೇಬೇಕು.

ಮಧ್ಯಾಹ್ನ ಬಂದ ಡಾಕ್ಟರು ಏನು ಮಾಡಿದರು ಅಂತ ನೀವು ಆಮೇಲೆ ಹೇಳಿದಿರಿ. ಅದನ್ನು ಬೇರೆ ಓದುಗರಿಗೂ ಹೇಳುತ್ತೇನೆ. ಗಾಯದಿಂದ ದೂರ, ಮಂಡಿಯ ಆಚೆ ಕಡೆಯಿಂದ ಶುದ್ಧ ಸೂಜಿಯಲ್ಲಿ ಕೀಲಿನ ಒಳಗೆ ಸಲೈನ್ ತುಂಬಿಸುತ್ತಾರೆ. ಅದು ತೂತಿನಿಂದ ಹೊರಗೆ ಬಂದರೆ ಅನುಮಾನ ಉಳಿಯುವುದಿಲ್ಲ. ಮಲ್ಲಿಗೆಗೆ ಬಂತು. ಅವತ್ತು ಸಂಜೆಯೇ ಮಂಪರು ಕೊಟ್ಟು ಮಲಗಿಸಿ, ಕೀಲಿನ ಒಳಗೆ ಲೀಟರ್‌ಗಟ್ಟಲೆ ಸಲೈನ್ ಹರಿಸಿ ತೊಳೆದರು. ಈ ಕೆಲಸ ಗಾಯವಾದ ಮೊದಲ 24 ಗಂಟೆಯ ಒಳಗೆ ಆದರೆ ಕುದುರೆ ಚೆನ್ನಾಗಿ ನಡೆಯುವ ಅವಕಾಶ ಜಾಸ್ತಿ. ನಿಮಗೆ ಸುಮಾರು 40 ಗಂಟೆ ಆಗಿತ್ತು. ಇದನ್ನು ಬರೆಯುವ ಹೊತ್ತಿಗೆ ಮೂರು ವಾರ ಕಳೆದಿದೆ, ಮಲ್ಲಿಗೆ ಕಾಲೂರಿ ನಿಲ್ಲುತ್ತಿದ್ದಾಳೆ, ಜ್ವರ ಇಲ್ಲ. ನನಗೆ ತುಂಬಾ ಸಂತೋಷ. ಆದರೂ ಡಾಕ್ಟರು ಹೇಳುವವರೆಗೆ ಮೆರವಣಿಗೆ ಬೇಡ. ಸೀಸನ್ ಇದೆ, ಮುಂಗಡ ತೆಗೆದುಕೊಂಡಿದ್ದೇವೆ ಅಂದಿರಿ. ಗೊತ್ತು. ಇನ್ನೊಂದು ಕುದುರೆ ಕಳಿಸಿ, ಇಲ್ಲಾಂದ್ರೆ ಮುಂಗಡ ವಾಪಸ್ ಕೊಡಿ.

ಈಗ, ಯಾವಾಗ ಕರೆಸಬೇಕು ಅನ್ನುವ ಪ್ರಶ್ನೆಗೆ. ಗಾಯ ಯಾವುದಾದರೂ ಕೀಲಿನಿಂದ ಒಂದು ಅಂಗೈ ಅಗಲದ ಒಳಗೆ ಇದ್ದರೆ, ಅದು ಎಷ್ಟೇ ಚಿಕ್ಕದಿರಲಿ, ಆಗಲೇ ಫೋನ್ ಮಾಡಿ. ಕಾಲಿನ ಹಿಂಭಾಗದಲ್ಲಿ, ಟೆಂಡನ್ ಇರುವ ಕಡೆ ಇದ್ದರೂ ಅಷ್ಟೇ. ಗಾಯದೊಳಗೆ ಬಿಳಿಯಾಗಿ ಹೊಳೆಯುವ ದಾರದಂಥದ್ದೋ, ಮೂಳೆಯೋ ಕಂಡರೆ ಯೋಚನೆ ಮಾಡುತ್ತಾ ಕೂರಬೇಡಿ. ಕುದುರೆ ಕಾಲೇ ಊರುತ್ತಿಲ್ಲ ಅಂದರೂ, ನಡೆಯುವಾಗ ಗೊರಸಿನ ಮುಂದಿನ ತುದಿ ಮೇಲಕ್ಕೆ ಎದ್ದರೂ, ಗಂಟು ನೆಲದ ಕಡೆ ಕುಸಿದರೂ ಅವಸರವೇ. ಈ ಕೊನೆಯ ಎರಡು ಲಕ್ಷಣ ಟೆಂಡನ್ ತುಂಡಾದಾಗ ಕಾಣುವಂಥವು. ಆಗ ಕುದುರೆಯನ್ನು ಒಂದು ಹೆಜ್ಜೆಯೂ ನಡೆಸಬೇಡಿ. ಲಾಯ ಎದುರಿಗೇ ಇದ್ದರೂ ಇದ್ದಲ್ಲೇ ನಿಲ್ಲಿಸಿಕೊಳ್ಳಿ. ಚರ್ಮ ಪೂರ್ತಿ ಸೀಳಿ ಬಾಯಿ ಬಿಟ್ಟ ಗಾಯ ಕೀಲಿನಿಂದ ದೂರ ಇದ್ದರೂ ಹೊಲಿಗೆ ಬೇಕಾಗುತ್ತದೆ. ಹೊಲಿಗೆಗೆ ಮೊದಲ ಆರರಿಂದ ಎಂಟು ಗಂಟೆ ಒಳ್ಳೆಯ ಸಮಯ.

ಈ ಎಂಟು ಗಂಟೆಯನ್ನು ಬೆಂಗಳೂರಿನಲ್ಲಿ ಎಂಟು ಗಂಟೆ ಅಂತ ಎಣಿಸಬೇಡಿ. ಹೆಬ್ಬಾಳದಿಂದ ಹೊರಟ ಡಾಕ್ಟರು ಸಂಜೆ ಹೊತ್ತಿನಲ್ಲಿ ಕನಕಪುರ ರಸ್ತೆ ತಲುಪಲು ಎರಡು ಗಂಟೆ ಹಿಡಿಯಬಹುದು. ಕುದುರೆ ನೋಡಿ ಅಭ್ಯಾಸ ಇರುವ ಪಶುವೈದ್ಯರೇ ಕಮ್ಮಿ. ಹಸು, ನಾಯಿ ನೋಡುವವರೆಲ್ಲ ಕುದುರೆ ಮುಟ್ಟುವುದಿಲ್ಲ. ಗಾಯ ಆದ ಮೇಲೆ ನಂಬರ್ ಹುಡುಕಲು ಕೂತರೆ ಅಲ್ಲೇ ಅರ್ಧ ದಿನ ಹೋಗುತ್ತದೆ. ಇಬ್ಬರು ಡಾಕ್ಟರ ನಂಬರನ್ನು ಲಾಯದ ಬಾಗಿಲ ಒಳಗಡೆ ಬಣ್ಣದಲ್ಲಿ ಬರೆದಿಡಿ. ಮೊಬೈಲ್‌ನಲ್ಲಿ ಇದ್ದರೆ ಸಾಲದು. ರಾತ್ರಿ ಕುದುರೆ ನೋಡಿಕೊಳ್ಳುವ ಹುಡುಗನ ಹತ್ತಿರ ನಿಮ್ಮ ಮೊಬೈಲ್ ಇರುವುದಿಲ್ಲ, ಅಲ್ವಾ?

ಫೋನ್ ಮಾಡಿದಾಗ ಏನು ಹೇಳಬೇಕು ಅಂದರೆ: ಗಾಯ ಎಷ್ಟು ಹೊತ್ತಿಗೆ ಆಯಿತು, ಯಾವ ಕಾಲು, ಒಳಗಡೆಯೋ ಹೊರಗಡೆಯೋ, ಕೀಲಿಗೆ ಎಷ್ಟು ಹತ್ತಿರ, ಕಾಲೂರುತ್ತಿದೆಯಾ, ಜ್ವರ ಎಷ್ಟು, ಟೆಟನಸ್ ಲಸಿಕೆ ಕೊನೆಗೆ ಹಾಕಿಸಿದ್ದು ಯಾವಾಗ. ತೊಳೆದ ಮೇಲೆ, ಏನೂ ಹಚ್ಚುವ ಮುಂಚೆ, ಎರಡು ಫೋಟೊ. ಪಕ್ಕದಲ್ಲಿ ಒಂದು ಐದು ರೂಪಾಯಿ ನಾಣ್ಯ ಹಿಡಿದು ತೆಗೆಯಿರಿ. ಒಂದು ಫೋಟೊ ಹತ್ತಿರದಿಂದ, ಇನ್ನೊಂದು ಇಡೀ ಕಾಲು ಕಾಣುವ ಹಾಗೆ. ನಿಮ್ಮ ಫೋಟೊದಲ್ಲಿ ನನಗೆ ಕಂಡದ್ದು ಕಾಫಿಪುಡಿ ಮಾತ್ರ.

ಕಾಫಿಪುಡಿಯ ವಿಷಯಕ್ಕೆ ಬರುತ್ತೇನೆ. ನಿಮ್ಮ ತಂದೆಯವರ ಮೇಲೆ ನನಗೆ ಬೇಸರ ಇಲ್ಲ. ನಮ್ಮ ಅಜ್ಜಿಯೂ ನನ್ನ ಮೊಣಕಾಲಿಗೆ ಅದನ್ನೇ ಒತ್ತಿದವರು. ರಕ್ತ ನಿಂತದ್ದು ಪುಡಿಯಿಂದ ಅಲ್ಲ, ಅವರು ಒತ್ತಿ ಹಿಡಿದದ್ದರಿಂದ. ಆ ಕೆಲಸ ಬರೀ ಶುಭ್ರವಾದ ಬಟ್ಟೆಯೂ ಮಾಡುತ್ತದೆ. ಪುಡಿ ಗಾಯದೊಳಗೆ ಮೆತ್ತಿಕೊಂಡು ಕೊಳೆಯ ಹಾಗೇ ಕೂರುತ್ತದೆ. ಡಾಕ್ಟರು ಅದನ್ನು ಒಂದೊಂದಾಗಿ ತೆಗೆಯಬೇಕು. ಬಣ್ಣದ ಔಷಧಿ, ನೀಲಿ ಸ್ಪ್ರೇ, ಅರಿಶಿನ, ಸುಣ್ಣ, ಬೂದಿ, ಇಂಜಿನ್ ಆಯಿಲ್, ಯಾವುದೂ ಬೇಡ. ಡಾಕ್ಟರು ನೋಡುವ ಮುಂಚೆ ಗಾಯದ ನಿಜವಾದ ಬಣ್ಣ ಹಾಗೇ ಇರಲಿ. ಸ್ಪಿರಿಟ್, ಹೈಡ್ರೋಜನ್ ಪೆರಾಕ್ಸೈಡ್ ಕೂಡ ಬೇಡ. ನೊರೆ ಬರುವುದು ನೋಡಿದರೆ ಕೊಳೆ ಹೋದ ಹಾಗೆ ಅನಿಸುತ್ತದೆ, ಆದರೆ ಅದು ಮಾಯಲು ಬರುವ ಹೊಸ ಜೀವಕೋಶಗಳನ್ನೂ ಸುಡುತ್ತದೆ.

ಹಾಗಾದರೆ ಮಾಡಬೇಕಾದ್ದೇನು? ಮೊದಲು ಕುದುರೆಯನ್ನು ಸಮಾಧಾನ ಮಾಡಿ. ಪರಿಚಯದ ಒಬ್ಬರು ತಲೆ ಹತ್ತಿರ ಹಗ್ಗ ಹಿಡಿದು ನಿಲ್ಲಲಿ, ಮುಂದೆ ಸ್ವಲ್ಪ ಹುಲ್ಲಿರಲಿ. ಗಾಯ ನೋಡುವವರು ಪಕ್ಕಕ್ಕೆ ನಿಂತು ಬಗ್ಗಿ, ನೆಲದಲ್ಲಿ ಮಂಡಿ ಊರಿ ಕೂರಬೇಡಿ. ನೋವಾದ ಕುದುರೆ ಎಷ್ಟೇ ಪ್ರೀತಿಯದ್ದಾದರೂ ಒದೆಯುತ್ತದೆ. ರಕ್ತ ಹರಿಯುತ್ತಿದ್ದರೆ ಮಡಿಸಿದ ಶುಭ್ರ ಬಟ್ಟೆ ಇಟ್ಟು ಗಡಿಯಾರ ನೋಡಿಕೊಂಡು ಹತ್ತು ಹದಿನೈದು ನಿಮಿಷ ಒತ್ತಿ ಹಿಡಿಯಿರಿ. ನಿಂತಿತಾ ಅಂತ ನಡುವೆ ತೆಗೆದು ನೋಡಬೇಡಿ. ನೆನೆದರೆ ಅದರ ಮೇಲೇ ಇನ್ನೊಂದು ಬಟ್ಟೆ. ನಾಲ್ಕುನೂರು ಕಿಲೋ ತೂಗುವ ಕುದುರೆಯ ಮೈಯಲ್ಲಿ ಸುಮಾರು 30 ಲೀಟರ್ ರಕ್ತ ಇರುತ್ತದೆ. ನೆಲದ ಮೇಲೆ ಚೆಲ್ಲಿದ ಒಂದು ಲೀಟರ್ ನೋಡಲು ಕೊಲೆಯಾದ ಹಾಗೆ ಕಾಣಿಸಿದರೂ ಕುದುರೆ ತಡೆದುಕೊಳ್ಳುತ್ತದೆ. ಆದರೆ ಕಡುಗೆಂಪು ಅಲ್ಲದ, ತಿಳಿಗೆಂಪು ರಕ್ತ ಚಿಮ್ಮಿ ಚಿಮ್ಮಿ ಬರುತ್ತಿದ್ದರೆ ಅದು ದೊಡ್ಡ ರಕ್ತನಾಳ. ಒತ್ತಿದ ಕೈ ತೆಗೆಯದೆ ಇನ್ನೊಬ್ಬರಿಂದ ಫೋನ್ ಮಾಡಿಸಿ. ಸೈಕಲ್ ಟ್ಯೂಬು, ಹುರಿ ಬಿಗಿಯಬೇಡಿ.

ಆಮೇಲೆ ತೊಳೆಯುವುದು. ಇದರಲ್ಲಿ ಜಿಪುಣತನ ಬೇಡ. ಪೈಪಿನಲ್ಲಿ ಮೆತ್ತಗೆ ನಲ್ಲಿ ನೀರು, ಐದರಿಂದ ಹತ್ತು ನಿಮಿಷ. ಕಾಲಿನ ಕೆಳಗಿನಿಂದ ಶುರು ಮಾಡಿ ನಿಧಾನವಾಗಿ ಗಾಯದವರೆಗೆ ಬನ್ನಿ, ಕುದುರೆಗೆ ನೀರು ಅಭ್ಯಾಸ ಆಗುತ್ತದೆ. ತೂತಿನಂಥ ಗಾಯಕ್ಕೆ ನೇರವಾಗಿ ಜೋರು ನೀರು ಬಿಡಬೇಡಿ, ಕೊಳೆ ಇನ್ನೂ ಒಳಗೆ ಹೋಗುತ್ತದೆ. ಕೊನೆಯಲ್ಲಿ ಉಪ್ಪು ನೀರು: ಕುದಿಸಿ ಆರಿಸಿದ ಒಂದು ಲೀಟರ್ ನೀರಿಗೆ 9 ಗ್ರಾಂ ಉಪ್ಪು. ಮಟ್ಟ ಮಾಡಿದ ಚಹಾ ಚಮಚದಲ್ಲಿ ಒಂದೂವರೆ ಚಮಚ ಬರುತ್ತದೆ. ಪೊವಿಡೋನ್ ಅಯೋಡಿನ್ ಇದ್ದರೆ ಬಾಟಲಿಯಿಂದ ನೇರ ಸುರಿಯಬೇಡಿ. 10 ಮಿಲಿ ಔಷಧಿಗೆ ಒಂದು ಲೀಟರ್ ನೀರು, ತಿಳಿ ಟೀ ಡಿಕಾಕ್ಷನ್ ಬಣ್ಣ ಬಂದರೆ ಸರಿ. ಕಿತ್ತು ನೇತಾಡುವ ಚರ್ಮವನ್ನು ಮಾತ್ರ ಕತ್ತರಿಸಬೇಡಿ. ಕಾಲಿನ ಕೆಳಗೆ ಚರ್ಮ ಬಿಗಿ, ಎಳೆದು ಮುಚ್ಚಲು ಹೆಚ್ಚುವರಿ ಇರುವುದಿಲ್ಲ. ಆ ತುಂಡು ಡಾಕ್ಟರಿಗೆ ಬೇಕು. ಒಣಗಿ ಸತ್ತ ಹಾಗೆ ಕಂಡರೂ ಕೆಳಗಿನ ಗಾಯವನ್ನು ಕೆಲವು ದಿನ ಅದು ಕಾಯುತ್ತದೆ.

ಕಟ್ಟುವಾಗ ಒದ್ದೆ ಗಾಜ್ ಬಟ್ಟೆ, ಅದರ ಮೇಲೆ ದಪ್ಪನೆ ಹತ್ತಿ, ಅದರ ಮೇಲೆ ಕ್ರೇಪ್ ಬ್ಯಾಂಡೇಜು. ಹತ್ತಿ ಕಡಿಮೆಯಾದರೆ ಬಿಗಿತ ನೇರ ಟೆಂಡನ್ ಮೇಲೆ ಬೀಳುತ್ತದೆ. ಹತ್ತಿ ಸಿಗದಿದ್ದರೆ ಮಗುವಿನ ಡೈಪರ್ ತುಂಬಾ ಚೆನ್ನಾಗಿ ಕೆಲಸ ಮಾಡುತ್ತದೆ, ನಾನೇ ಎಷ್ಟೋ ಸಲ ಬಳಸಿದ್ದೇನೆ. ಕಟ್ಟಿದ ಮೇಲೆ ಮೇಲಿನ ಅಂಚಿನಲ್ಲಿ ಒಂದು ಬೆರಳು ತೂರಬೇಕು.

ಮೆಡಿಕಲ್ ಶಾಪಿನಿಂದ ನೋವಿನ ಇಂಜೆಕ್ಷನ್ ತಂದು ಚುಚ್ಚುವವರು ಇದ್ದಾರೆ. ದಯವಿಟ್ಟು ಬೇಡ. ನೋವು ಮುಚ್ಚಿಹೋದರೆ ಡಾಕ್ಟರಿಗೆ ಕುಂಟು ಕಾಣುವುದಿಲ್ಲ, ಕುದುರೆಯೂ ಮುರಿದ ಕಾಲನ್ನೇ ಊರುತ್ತದೆ. ಅದರಲ್ಲೂ ಮನುಷ್ಯರ ಡೈಕ್ಲೋಫೆನಾಕ್ ಬೇಡವೇ ಬೇಡ. ಪ್ರಾಣಿಗಳಿಗೆಂದು ಅದನ್ನು ತಯಾರಿಸುವುದನ್ನು 2006ರಲ್ಲೇ ನಿಲ್ಲಿಸಿದ್ದಾರೆ. ಆ ಔಷಧಿ ಮೈಯಲ್ಲಿದ್ದ ಪ್ರಾಣಿಯ ಹೆಣ ತಿಂದ ರಣಹದ್ದುಗಳು ಮೂತ್ರಪಿಂಡ ಕೆಟ್ಟು ಸತ್ತವು, ದೇಶದಲ್ಲೆಲ್ಲ. ನಮ್ಮ ಪಕ್ಕದ ರಾಮನಗರದ ರಾಮದೇವರ ಬೆಟ್ಟದಲ್ಲಿ ರಣಹದ್ದುಗಳಿಗಾಗಿಯೇ ಒಂದು ಧಾಮ ಇದೆ. ಅಲ್ಲಿಗೆ ಹೋದಾಗಲೆಲ್ಲ ನಾನು ಆಕಾಶ ನೋಡುತ್ತಾ ನಿಲ್ಲುತ್ತೇನೆ. ಪೆನ್ಸಿಲಿನ್ ಕೂಡ ನೀವೇ ಹಾಕಬೇಡಿ. ಮಾಂಸಖಂಡಕ್ಕೆ ಹಾಕುವ ಪ್ರೊಕೇನ್ ಪೆನ್ಸಿಲಿನ್ ತಪ್ಪಿ ರಕ್ತನಾಳಕ್ಕೆ ಹೋದರೆ ಕುದುರೆ ನಿಂತಲ್ಲೇ ಬೀಳಬಹುದು.

ಇನ್ನು ಧನುರ್ವಾಯು, ಅಂದರೆ ಟೆಟನಸ್. ಸಾಕುಪ್ರಾಣಿಗಳಲ್ಲಿ ಕುದುರೆಯಷ್ಟು ಬೇಗ ಇದಕ್ಕೆ ಸಿಕ್ಕುವ ಪ್ರಾಣಿ ಇನ್ನೊಂದಿಲ್ಲ. ಅದರ ರೋಗಾಣು ಮಣ್ಣಿನಲ್ಲಿದೆ, ಕುದುರೆಯ ಲದ್ದಿಯಲ್ಲೇ ಇದೆ. ಗಾಳಿಯಾಡದ ಆಳವಾದ ಚಿಕ್ಕ ಗಾಯ ಅದಕ್ಕೆ ಬಹಳ ಇಷ್ಟ. ಲಕ್ಷಣ ಕಾಣುವುದು ಒಂದರಿಂದ ಮೂರು ವಾರದ ಮೇಲೆ, ಅಷ್ಟರಲ್ಲಿ ಗಾಯವೇ ಮಾಯ್ದಿರಬಹುದು. ಕಿವಿ ನೆಟ್ಟಗೆ, ಬಾಲ ಎತ್ತಿ ಬಿಗಿ, ನಾಲ್ಕು ಕಾಲೂ ಅಗಲಿಸಿ ಮರದ ಕುದುರೆಯ ಹಾಗೆ ನಿಲ್ಲುವುದು. ಹತ್ತಿರದಲ್ಲಿ ಚಪ್ಪಾಳೆ ತಟ್ಟಿದರೆ ಕಣ್ಣಿನ ಮೂಲೆಯಿಂದ ಬಿಳಿ ಪೊರೆ ಸರಕ್ಕನೆ ಅಡ್ಡ ಬರುತ್ತದೆ. ಅಷ್ಟಾದ ಮೇಲೆ ಉಳಿಸುವುದು ಕಷ್ಟ. ಲಸಿಕೆ ಮೊದಲ ಸಲ ನಾಲ್ಕು ವಾರದ ಅಂತರದಲ್ಲಿ ಎರಡು, ಆಮೇಲೆ ವರ್ಷಕ್ಕೊಂದು. ಖರ್ಚು ಜಾಸ್ತಿ ಅಲ್ಲ. ಲಾಯದಲ್ಲಿ ಕೆಲಸ ಮಾಡುವ ಹುಡುಗರಿಗೂ ಟೆಟನಸ್ ಇಂಜೆಕ್ಷನ್ ಕೊಡಿಸಿ.

ಚರ್ಮ ಮಾತ್ರ ತರಚಿದ್ದು, ಕೀಲಿನಿಂದ ದೂರ ಇರುವುದು, ಕುಂಟದೆ ಇರುವುದು, ಇಂಥದ್ದನ್ನು ನೀವೇ ನೋಡಿಕೊಳ್ಳಬಹುದು. ಆದರೆ ಬೆಳಿಗ್ಗೆ, ಸಂಜೆ ಥರ್ಮಾಮೀಟರ್ ಇಡಿ. ಬಾಲದ ಕೆಳಗೆ ಗುದದ್ವಾರದಲ್ಲಿ, ಸ್ವಲ್ಪ ವ್ಯಾಸಲಿನ್ ಹಚ್ಚಿ, ಹಿಂದೆ ನಿಲ್ಲದೆ ಪಕ್ಕಕ್ಕೆ ನಿಂತು. ಥರ್ಮಾಮೀಟರಿಗೆ ಒಂದು ದಾರ ಕಟ್ಟಿ ಕೈಯಲ್ಲಿ ಹಿಡಿದುಕೊಳ್ಳಿ. ಕುದುರೆಗೆ 99ರಿಂದ 101 ಡಿಗ್ರಿ ಫ್ಯಾರನ್‌ಹೀಟ್ ಸಹಜ. 102 ದಾಟಿದರೆ, ಊತ ಮೇಲಕ್ಕೆ ಏರಿದರೆ, ಮೇವು ಬಿಟ್ಟರೆ, ನಿನ್ನೆಗಿಂತ ಇವತ್ತು ಕುಂಟು ಜಾಸ್ತಿ ಆದರೆ ಫೋನ್ ಮಾಡಿ.

ಪ್ರಶ್ನೆ: ಮೇಡಂ, ನಾವು ಮಾಗಡಿ ರಸ್ತೆಯ ಕಡೆಯವರು. ಮಕ್ಕಳಿಗೆಂದು ಒಂದು ಪೋನಿ ಸಾಕಿದ್ದೇವೆ. ಎರಡು ತಿಂಗಳ ಹಿಂದೆ ಮುಂಗಾಲಿಗೆ ಗಾಯ ಆಗಿತ್ತು. ಈಗ ಅಲ್ಲಿ ಕೆಂಪು ಮಾಂಸ ಹೂಕೋಸಿನ ಹಾಗೆ ಉಬ್ಬಿ ಬಂದಿದೆ. ಸ್ವಲ್ಪ ಮುಟ್ಟಿದರೂ ರಕ್ತ. ಲಾಳ ಹೊಡೆಯುವವರು ಮೈಲುತುತ್ತ ಹಚ್ಚಿ, ಸುಟ್ಟು ಹೋಗುತ್ತೆ ಅಂದರು. ಹಚ್ಚಬಹುದಾ?

ಉತ್ತರ: ಬೇಡಮ್ಮ. ಮೈಲುತುತ್ತ ಉಬ್ಬಿದ ಮಾಂಸವನ್ನು ಸುಡುತ್ತದೆ, ನಿಜ. ಜೊತೆಗೆ ಅಂಚಿನಲ್ಲಿ ಈಗಷ್ಟೇ ಬೆಳೆಯುತ್ತಿರುವ ಹೊಸ ಚರ್ಮವನ್ನೂ ಸುಡುತ್ತದೆ. ಆ ಚರ್ಮ ಎಷ್ಟು ನಿಧಾನ ಅಂದರೆ, ಕಾಲಿನ ಕೆಳಭಾಗದಲ್ಲಿ ದಿನಕ್ಕೆ ಒಂದು ಮಿಲಿಮೀಟರಿನ ಹತ್ತನೇ ಒಂದು ಭಾಗದಷ್ಟು ಮಾತ್ರ ಒಳಗೆ ಸರಿಯುತ್ತದೆ. ಹತ್ತು ದಿನದ ಕೆಲಸ ಒಂದು ಸಲ ಹಚ್ಚಿದರೆ ಹೋಯಿತು.

ಮಂಡಿಯ ಕೆಳಗಿನ ಗಾಯದಲ್ಲಿ ಕುದುರೆಗೆ ಮಾಂಸ ಹೀಗೆ ಹೆಚ್ಚು ಬೆಳೆಯುವುದು ತುಂಬಾ ಸಾಮಾನ್ಯ. ಕಾಲು ಸದಾ ಆಡುತ್ತಿರುತ್ತದೆ, ರಕ್ತ ಓಡಾಟ ಕಮ್ಮಿ, ಕೊಳೆ ಹತ್ತಿರ. ಚರ್ಮದ ಮಟ್ಟಕ್ಕಿಂತ ಮೇಲೆ ಬೆಳೆದರೆ ಚರ್ಮ ಅದನ್ನು ಹತ್ತಿ ದಾಟಲಾರದು. ಡಾಕ್ಟರು ಆ ಭಾಗವನ್ನು ಚರ್ಮದ ಮಟ್ಟಕ್ಕೆ ಕತ್ತರಿಸಿ ತೆಗೆಯುತ್ತಾರೆ. ಅದರಲ್ಲಿ ನರ ಇಲ್ಲದ ಕಾರಣ ನೋವು ಹೆಚ್ಚಿಲ್ಲ, ರಕ್ತ ಮಾತ್ರ ಚೆನ್ನಾಗಿ ಬರುತ್ತದೆ, ಹೆದರಬೇಡಿ. ದೊಡ್ಡ ಗಾಯವಾದರೆ ಕುತ್ತಿಗೆಯಿಂದಲೋ ಎದೆಯಿಂದಲೋ ಅಕ್ಕಿಕಾಳಿನಷ್ಟು ಚರ್ಮದ ತುಣುಕು ತೆಗೆದು ಅಲ್ಲಲ್ಲಿ ನೆಡುವ ಪದ್ಧತಿಯೂ ಇದೆ, ನಾಟಿ ಮಾಡಿದ ಹಾಗೆ.

ನಿಮ್ಮ ಪೋನಿಯ ವಿಷಯದಲ್ಲಿ ಇನ್ನೊಂದು ಕಾರಣಕ್ಕೂ ಡಾಕ್ಟರು ಬೇಕು. ಕುದುರೆಗಳಿಗೆ ಬರುವ ಸಾರ್ಕಾಯ್ಡ್ ಅನ್ನುವ ಚರ್ಮದ ಗೆಡ್ಡೆ ನೋಡಲು ಹೀಗೇ ಇರುತ್ತದೆ. ನೊಣಗಳು ತರುವ ಒಂದು ಹುಳದ ಮರಿ ಗಾಯದಲ್ಲಿ ಸೇರಿಕೊಂಡರೂ ಹೀಗೇ ಕಾಣುತ್ತದೆ. ಒಂದು ಚೂರು ಕತ್ತರಿಸಿ ಲ್ಯಾಬಿಗೆ ಕಳಿಸಿದರೆ ತಿಳಿಯುತ್ತದೆ. ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆಗೆ ಬೆಳಿಗ್ಗೆ ಕರೆದುಕೊಂಡು ಹೋಗಿ. ಅಲ್ಲಿವರೆಗೆ ಉಪ್ಪು ನೀರಲ್ಲಿ ತೊಳೆದು ಶುಭ್ರವಾಗಿ ಮುಚ್ಚಿಡಿ. ಬೇವಿನೆಣ್ಣೆ ಹಚ್ಚುವುದಾದರೆ ಗಾಯದ ಸುತ್ತ, ಗಾಯದ ಮೇಲೆ ಅಲ್ಲ.

ಪ್ರಶ್ನೆ: ನಾನು ಕಾಲೇಜು ವಿದ್ಯಾರ್ಥಿ. ಕೆಂಗೇರಿ ಕಡೆ ನಮ್ಮ ರಸ್ತೆಯಲ್ಲಿ ಎರಡು ಕುದುರೆ ಬಿಟ್ಟಿದ್ದಾರೆ. ಒಂದಕ್ಕೆ ಗೊರಸಿನ ಕೆಳಗೆ ಮೊಳೆ ಚುಚ್ಚಿದೆ, ಕುಂಟುತ್ತಿದೆ. ಮೊಳೆ ನಾನೇ ಕೀಳಬಹುದಾ?

ಉತ್ತರ: ಕೀಳಬೇಡಿ. ಮೊಳೆ ಇದ್ದ ಹಾಗೇ ಎಕ್ಸ್‌ರೇ ತೆಗೆದರೆ ಅದು ಎಷ್ಟು ಆಳ, ಯಾವ ಕಡೆಗೆ ಹೋಗಿದೆ ಅಂತ ಕಾಣುತ್ತದೆ. ಕಿತ್ತ ಮೇಲೆ ಗೊರಸಿನ ತೂತು ಮುಚ್ಚಿಕೊಂಡು ಜಾಗವೇ ಸಿಗುವುದಿಲ್ಲ. ಗೊರಸಿನ ಅಡಿಯಲ್ಲಿ ಮೆತ್ತಗೆ ಮುಕ್ಕೋನದ ಹಾಗೆ ಒಂದು ಭಾಗ ಇರುತ್ತದೆ. ಅದರ ನಡುವೆ ಚುಚ್ಚಿದ್ದರೆ ಒಳಗಿನ ಮೂಳೆ, ಕೀಲಿಗೆ ಅಪಾಯ. ಕುದುರೆ ಹೆಜ್ಜೆ ಇಟ್ಟಾಗಲೆಲ್ಲ ಮೊಳೆ ಇನ್ನೂ ಒಳಗೆ ಹೋಗುತ್ತಿದ್ದರೆ ಮಾತ್ರ ತೆಗೆಯಬೇಕು. ಅದನ್ನೂ ಕುದುರೆ ಹಿಡಿದು ಅಭ್ಯಾಸ ಇರುವವರೇ ಮಾಡಬೇಕು. ಚುಚ್ಚಿದ ಜಾಗಕ್ಕೆ ಗುರುತು ಹಾಕಿ, ಮೊಳೆಯನ್ನು ಎಸೆಯದೆ ಡಾಕ್ಟರಿಗೆ ಕೊಡಬೇಕು.

ಪಶುಸಂಗೋಪನೆ ಇಲಾಖೆಯ ಸಹಾಯವಾಣಿ 1962ಕ್ಕೆ ಫೋನ್ ಮಾಡಿ. ಮಾಲೀಕರು ಯಾರೆಂದು ಗೊತ್ತಿದ್ದರೆ ಪೊಲೀಸರಿಗೂ ಹೇಳಿ. ಸಾಕಿದ ಪ್ರಾಣಿಯನ್ನು ಬೀದಿಗೆ ಬಿಡುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ ಪ್ರಕಾರ ಅಪರಾಧ. ಹತ್ತಿರ ಹೋಗುವ ಮುಂಚೆ ಮೂಗು, ಕಾಲು ದೂರದಿಂದ ನೋಡಿ. ಮೂಗಿನಿಂದ ಗಟ್ಟಿ ಕೀವು ಸುರಿಯುತ್ತಿದ್ದರೆ, ಕಾಲಿನ ಮೇಲೆ ಸಾಲಾಗಿ ಗಂಟು ಎದ್ದು ಒಡೆದಿದ್ದರೆ ಮುಟ್ಟಲೇಬೇಡಿ. ಗ್ಲಾಂಡರ್ಸ್ ಅನ್ನುವ ರೋಗ ಹೀಗೆ ಕಾಣಿಸಿಕೊಳ್ಳುತ್ತದೆ. ಅದು ಮನುಷ್ಯರಿಗೂ ಬರುತ್ತದೆ, ಜೀವಕ್ಕೇ ಅಪಾಯ. ಫೋನಿನಲ್ಲಿ ಆ ಮಾತನ್ನು ಮೊದಲು ಹೇಳಿ.

ಅಂಥದ್ದೇನೂ ಇಲ್ಲ ಅಂದರೆ ಹಿಂದಿನಿಂದ ಹೋಗದೆ ಎದುರಿನಿಂದ ಸ್ವಲ್ಪ ಓರೆಯಾಗಿ, ಮೆಲ್ಲಗೆ ಮಾತಾಡುತ್ತಾ ಹೋಗಿ. ಡಾಕ್ಟರು ಬರುವವರೆಗೆ ಟ್ರಾಫಿಕ್‌ನಿಂದ ದೂರ, ಖಾಲಿ ಸೈಟಿನಲ್ಲೋ ಗೋಡೆಯ ಪಕ್ಕದಲ್ಲೋ ನಿಲ್ಲಲು ಬಿಡಿ. ಅನ್ನ, ಬ್ರೆಡ್, ಬನ್ನು ಹಾಕಬೇಡಿ. ಹೊಟ್ಟೆನೋವು ಬಂದರೆ ಕಾಲಿನ ನೋವಿಗಿಂತ ಬೇಗ ಸಾಯುತ್ತದೆ. ಹಸಿರು ಹುಲ್ಲು ಸಿಕ್ಕಿದರೆ ಸ್ವಲ್ಪ. ನೀರು ಮಾತ್ರ ಖಂಡಿತ ಇಡಿ. ಕುದುರೆ ದಿನಕ್ಕೆ 25-30 ಲೀಟರ್ ಕುಡಿಯುತ್ತದೆ. ಅಲ್ಲಿ ಎರಡು ಕುದುರೆ ಇವೆ ಅಂದಿರಿ, ಒಂದು ಬಕೆಟ್ ಸಾಲದು.